ದೀಪ ದೊಡ್ಡದು ಮಾಡಿದವಳು

ಮತ್ತೋಡಿನ ಆ ಮನೆಯಲ್ಲಿ ಮಲಗುವ ಮುಂಚೆ ಲಾಟೀನಿನ ಬತ್ತಿಯನ್ನು ಒಮ್ಮೆ ಪೂರ್ತಿ ಏರಿಸಿ, ಆಮೇಲೆ ಆರಿಸುತ್ತಿದ್ದರು. ಸೊಸೆ ದುರುಗಕ್ಕ ಮಿಲಿಟರಿ ಕ್ವಾರ್ಟರ್ಸಿನಿಂದ ತಂದ ಪದ್ಧತಿ ಇದು. ಅತ್ತೆ ಉಚ್ಚಂಗೆಮ್ಮನಿಗೆ ಕಂಡರಾಗದು. ಸೀಮೆಎಣ್ಣೆಗೆ ಪರದಾಡುವ ಕಾಲ, ಮುದುಕಿಯ ಹೊಟ್ಟೆ ಉರಿಯದೆ ಇನ್ನೇನಾದೀತು?

"ಏನವ್ವ ನಿನ್ನ ಸೋಕಿ? ದೀಪ ದೊಡ್ಡದು ಮಾಡು ಅಂದ್ರೆ ಆರ್ಸು ಅಂತ. ತೌರು ಹರಿಯಬ್ಬೇಲಿ ನಿಮ್ಮವ್ವ ಇಷ್ಟೂ ಹೇಳ್ಕೊಟ್ಟಿಲ್ವ?"

"ಹೇಳ್ಕೊಟ್ಟವ್ಳೆ ಅತ್ತೆ. ಅದು ಗೊತ್ತಿಲ್ದಾಕೆಯಿಂದಲೇ ನಿಮ್ಮ ಮೊಮ್ಮಗಳು ಉಳ್ಕಂಡಿದ್ದು."

ಇಷ್ಟು ದಿನ ಅವಳು ಬಾಯಿಬಿಟ್ಟಿರಲಿಲ್ಲ. ಹೇಳಿದ್ದರೆ ಮುದುಕಿ ಮಗುವನ್ನು ಮತ್ತೆ ಕ್ವಾರ್ಟರ್ಸಿಗೆ ಕಳಿಸುತ್ತಿರಲಿಲ್ಲ. ಈಗ ಗಂಡ ಓಬಳೇಶಪ್ಪ ಸೈನ್ಯದಿಂದ ನಿವೃತ್ತನಾಗಿ ಊರು ಸೇರಿದ್ದ. ಇನ್ನೇನು ಭಯ?

ಎಪ್ಪತ್ತೊಂದರ ಯುದ್ಧ. ಪಠಾಣ್‌ಕೋಟಿನ ಕ್ವಾರ್ಟರ್ಸಿನಲ್ಲಿ ಹೆಂಗಸರು, ಮಕ್ಕಳಷ್ಟೇ ಉಳಿದಿದ್ದರು, ಗಂಡಸರೆಲ್ಲ ಗಡಿಯಲ್ಲಿ. ಕತ್ತಲಾದರೆ ಹೊರಗೆ ಬೆಳಕಿನ ಗೆರೆಯೂ ಕಾಣಕೂಡದು. ದುರುಗಕ್ಕ ಬಾಗಿಲ ಸಂದಿಗೆ ಗೋಣಿ ತುರುಕಿ, ಮೂಳೆ ಕೊರೆಯುವ ಚಳಿಗೆ ಇದ್ದಿಲ ಒಲೆ ಹಚ್ಚಿ, ಎರಡು ವರ್ಷದ ಚಂದ್ರಿಯನ್ನು ಮಲಗಿಸಿದ್ದಳು. ತಲೆ ಸಿಡಿಯುತ್ತಿತ್ತು. ಚಳಿಗೇ ಇರಬೇಕು ಎಂದುಕೊಂಡಳು.

ಪಕ್ಕದ ಮನೆಯ ಪಂಜಾಬಿ ಹೆಂಗಸು ಹರಬನ್ಸ್ ಕೌರ್ ಜೊತೆಗೆ ಮಲಗಲು ಆಗಷ್ಟೇ ಒಳಗೆ ಬಂದಿದ್ದಳು. ಆಕೆಗೆ ಬರುತ್ತಿದ್ದ ಹತ್ತಾರು ಕನ್ನಡ ಮಾತುಗಳೆಲ್ಲ ದುರುಗಕ್ಕನೇ ಕಲಿಸಿದ್ದು. ವಿಮಾನ ದಾಳಿಯ ಸೈರನ್ ಕೂಗಿತು. ಟ್ರಂಕಿನ ಮೇಲೆ ನಿಂತು ಕಿಟಕಿಗೆ ಕಂಬಳಿ ಬಿಗಿಯುತ್ತಿದ್ದ ದುರುಗಕ್ಕ ಅಲ್ಲಿಂದಲೇ, "ಅಕ್ಕ, ದೀಪ ದೊಡ್ಡದು ಮಾಡು" ಎಂದಳು.

ದೀಪ ಗೊತ್ತು, ದೊಡ್ಡದು ಗೊತ್ತು. ಏನೋ ಬಿದ್ದಿರಬೇಕು, ಹುಡುಕಲು ಕೇಳುತ್ತಿದ್ದಾಳೆ ಎಂದುಕೊಂಡು ಹರಬನ್ಸ್ ಬತ್ತಿಯನ್ನು ಪೂರ್ತಿ ಏರಿಸಿದಳು.

ಆ ಬೆಳಕಿನಲ್ಲಿ ಚಂದ್ರಿಯ ಮುಖ ಕಂಡಿತು. ಬಾಯಿ ತೆರೆದಿತ್ತು, ಕತ್ತು ವಾಲಿತ್ತು. ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಹರಬನ್ಸ್‌ಗೆ ಇದ್ದಿಲ ವಿಷಗಾಳಿ ಎಂಥದೆಂದು ಗೊತ್ತಿತ್ತು. ದೀಪ ಊದಿ, ಬಾಗಿಲು ಕಿತ್ತು ಬರುವ ಹಾಗೆ ಎಳೆದು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಸೈರನ್ ಹೊತ್ತಿನಲ್ಲಿ ಹೊರಗೆ ಬಂದಿದ್ದಕ್ಕೆ ಕಾವಲಿನವನು ಬೈದ. ಆಕೆ ತಿರುಗಿಯೂ ನೋಡದೆ ಮಗುವಿನ ಬೆನ್ನು ತಿಕ್ಕುತ್ತಲೇ ಇದ್ದಳು. ಕೊನೆಗೆ ಚಂದ್ರಿ ಕಿಟಾರನೆ ಅತ್ತಳು. ಅಷ್ಟು ಚೆಂದದ ಅಳುವನ್ನು ದುರುಗಕ್ಕ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಆಕೆಗೆ ಕನ್ನಡ ಸರಿಯಾಗಿ ಕಲ್ಸಿದ್ರೆ ನನ್ನ ಮಡಿಲು ಬರಿದಾಗ್ತಿತ್ತು ಅತ್ತೆ" ಎಂದು ದುರುಗಕ್ಕ ಕಣ್ಣೊರೆಸಿಕೊಂಡಳು.

ಸೊಸೆ ಲಾಟೀನಿಗೆ ಕೈ ಚಾಚಿದಾಗ ಉಚ್ಚಂಗೆಮ್ಮ ತಡೆದಳು.

"ತಾಳು, ನಾನು ಮಾಡ್ತೀನಿ."

ಮುದುಕಿ ಬತ್ತಿಯನ್ನು ತುದಿಯವರೆಗೂ ಏರಿಸಿದಳು. "ಆ ನನ್ನವ್ವ ಎಲ್ಲಿದ್ರೂ ತಣ್ಣಗಿರ್ಲಿ" ಎಂದು, ಮಲಗಿದ್ದ ಮೊಮ್ಮಗಳ ಮುಖವನ್ನು ನೋಡುತ್ತಾ ನಿಂತಳು. ಎಣ್ಣೆ ಉರಿಯುತ್ತಲೇ ಇತ್ತು.