ವೈಪರ್ ಬಿಡಿ, ರಸ್ತೆ ನೋಡಿ

ನನ್ನ ಹೆಸರು ಥಾಕ್. ಮೆಲ್ಬರ್ನ್‌ನ ಸ್ಪ್ರಿಂಗ್‌ವೇಲ್‌ನಲ್ಲಿ ಇಪ್ಪತ್ತು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದೇನೆ. ನನ್ನ ಕಾರಿನಲ್ಲಿ ಕಲಿಸುವವನ ಕಾಲಿಗೂ ಒಂದು ಬ್ರೇಕ್ ಇದೆ. ಮನೆಯಲ್ಲಿ ಬಾಯಿಗೆ ಅಂಥದ್ದು ಇಲ್ಲ.

ಮಂಗಳವಾರ ನನ್ನ ಮಗಳು ದಿಯೆಪ್ ಹನ್ನೆರಡನೇ ತರಗತಿಯ ಇಂಗ್ಲಿಷ್ ಪರೀಕ್ಷೆ ಬರೆದು ನಗುತ್ತಲೇ ಬಂದಳು. ಸಂಜೆ ಗೆಳತಿಯರ ಜೊತೆ ಫೋನಿನಲ್ಲಿ ಉತ್ತರ ತಾಳೆ ನೋಡಿದಳು. ನಗು ಹೋಯಿತು.

"ಈಜುಕೊಳ ಮುಚ್ಚಬೇಡಿ ಅಂತ ಒಬ್ಬಳು ಹೇಳಿದ್ದನ್ನ ಕೊಟ್ಟಿದ್ರು ಅಪ್ಪ. ಅವಳು ಜನರ ಮನಸ್ಸನ್ನ ಹೇಗೆ ತಿರುಗಿಸ್ತಾಳೆ ಅಂತ ಬಿಡಿಸಿ ಬರೀಬೇಕಿತ್ತು. ಅದು ಸಭೇಲಿ ಮಾಡಿದ ಭಾಷಣ. ನಾನು ಪತ್ರಿಕೆಗೆ ಬರೆದ ಪತ್ರ ಅಂದುಬಿಟ್ಟೆ. ಮೊದಲನೇ ಸಾಲಲ್ಲೇ!"

ನಾನು ಕಸುಬಿನ ಬುದ್ಧಿ ತೋರಿಸಿದೆ. "ನಮ್ಮಲ್ಲಾದ್ರೆ ಕೆಂಪು ದೀಪ ಒಂದ್ಸಲ ದಾಟಿದ್ರೂ ಸಾಕು. ಟೆಸ್ಟು ಅಲ್ಲಿಗೇ ಮುಗೀತು."

ನನ್ನ ಹೆಂಡತಿ ಹ್ವೆ ಊಟದ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಮಾತು ಹೊರಬಿದ್ದಿತ್ತು.

ಶನಿವಾರದವರೆಗೂ ಹುಡುಗಿ ಪುಸ್ತಕ ಮುಟ್ಟಲಿಲ್ಲ. ಹ್ವೆ ಮಾಡಿಟ್ಟ ಕೋಳಿ ಗಂಜಿ ಮೇಜಿನ ಮೇಲೇ ಆರಿತು. ಮುಂದಿನ ಮಂಗಳವಾರ ರಸಾಯನಶಾಸ್ತ್ರ. "ನಾನು ಹೋಗಲ್ಲ. ಇಂಗ್ಲಿಷೇ ಹೋಯ್ತು, ಇನ್ನು ಅದನ್ನ ಬರೆದು ಏನು ಬಂತು?" ಎಂದಳು. ನರ್ಸಿಂಗ್ ಓದಬೇಕೆಂದು ಆರು ವರ್ಷದಿಂದ ಆಸೆಪಟ್ಟವಳು.

"ಗೋಡೆ ನೋಡ್ತಾ ಕೂರೋ ಬದಲು ನನ್ನ ಕಾರಲ್ಲಾದ್ರೂ ಕೂತ್ಕೊ, ಬಾ" ಎಂದು ಹಿಂದಿನ ಸೀಟಿಗೆ ಹತ್ತಿಸಿಕೊಂಡೆ.

ಅವತ್ತಿನ ಪಾಠ ಗ್ಲೆನಿಸ್ ಅವರಿಗೆ. ಅರವತ್ತಮೂರು ವರ್ಷ, ನಿವೃತ್ತ ಟೀಚರ್. ಬದುಕಿಡೀ ಗಂಡನೇ ಕಾರು ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಕಲಿಯಲು ಬಂದಿದ್ದಾರೆ. ಅವರಿಗೆ ಕನ್ನಡಿಯಲ್ಲಿ ರಸ್ತೆಗಿಂತ ಮೊದಲು ನನ್ನ ಮಗಳ ಮುಖ ಕಂಡಿತು.

"ಯಾಕಮ್ಮ, ಯಾರ ಮೇಲೆ ಕೋಪ?"

ದಿಯೆಪ್ ಎಲ್ಲ ಹೇಳಿದಳು.

"ಹದಿನಾಲ್ಕು ವರ್ಷ ನಾನು ಈ ಪೇಪರ್ ತಿದ್ದಿದೀನಿ" ಎಂದರು ಗ್ಲೆನಿಸ್. "ಅದಿರಲಿ. ಆ ಹೆಂಗಸು ಜನರನ್ನ ಹೇಗೆ ಒಲಿಸ್ತಾಳೆ ಅಂತ ಬರೆದೆ?"

"ಮೊದಲು ಎಲ್ಲರಿಗೂ ಅವರವರು ಈಜು ಕಲಿತ ದಿನ ನೆನಪು ಮಾಡಿಕೊಡ್ತಾಳೆ ಮಿಸ್. ಕೇಳೋರು ಖುಷೀಲಿ ಇರುವಾಗಲೇ ಬೀಗ ಹಾಕಿದ ಗೇಟಿನ ಮಾತು ತೆಗೀತಾಳೆ. ಪ್ರೀತಿ ಹುಟ್ಟಿಸಿ, ಆಮೇಲೆ ಕಳ್ಕೊಳ್ಳೋ ಭಯ ಹುಟ್ಟಿಸ್ತಾಳೆ." ನಾಲ್ಕು ದಿನದ ಮೇಲೆ ಅವಳ ದನಿಗೆ ಜೀವ ಬಂದಿತ್ತು.

"ನಾವು ಹುಡುಕೋದು ಅದನ್ನೇ."

"ಪತ್ರ ಅಂದಿದ್ದಕ್ಕೆ ಎಷ್ಟು ಕಳೀತಾರೆ?"

"ಒಂದೊಂದು ತಪ್ಪಿಗೆ ಇಷ್ಟಿಷ್ಟು ಅಂತ ಕಳೆಯೋ ಲೆಕ್ಕ ಅಲ್ಲ ಅದು. ಇಡೀ ಬರಹ ಓದಿ, ಒಟ್ಟಾರೆ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ ಅಂತ ನೋಡಿ ಅಂಕ ಕೊಡ್ತೀವಿ. ಒಬ್ಬರಲ್ಲ, ಇಬ್ಬರು ಬೇರೆ ಬೇರೆಯಾಗಿ ಓದ್ತಾರೆ. ಮೂರು ಗಂಟೇಲಿ ಮೂರು ಪ್ರಬಂಧ ಬರೆದ ಕೈ ಅದು, ತಡವರಿಸುತ್ತೆ ಅಂತ ಅವರಿಗೂ ಗೊತ್ತು."

ನನಗೆ ನಂಬಿಕೆ ಬರಲಿಲ್ಲ. "ಸಮಾಧಾನಕ್ಕೆ ಹೇಳ್ತಿದೀರಾ ಗ್ಲೆನಿಸ್? ತಪ್ಪು ತಪ್ಪೇ ಅಲ್ವಾ?"

"ತಪ್ಪೇ. ತಪ್ಪಲ್ಲ ಅಂದ್ನಾ ನಾನು?"

ಅಷ್ಟರಲ್ಲಿ ವೃತ್ತ ಬಂತು. ಗ್ಲೆನಿಸ್ ಸಿಗ್ನಲ್ ಹಾಕಲು ಹೋಗಿ ವೈಪರ್ ಹಾಕಿದರು. ಒಣ ಗಾಜಿನ ಮೇಲೆ ಅದು ಕಿರ್ರೋ ಎಂದು ಓಡಾಡತೊಡಗಿತು. ಅವರ ಕಣ್ಣು ಅದಕ್ಕೇ ಅಂಟಿಕೊಂಡಿತು. ಬಲಗಡೆಯಿಂದ ಲಾರಿ ಬರುತ್ತಿತ್ತು.

"ವೈಪರ್ ಬಿಡಿ, ರಸ್ತೆ ನೋಡಿ!" ಎಂದು ಕೂಗಿ ಬ್ರೇಕ್ ತುಳಿದೆ. ಲಾರಿ ದಾಟಿ ಹೋಯಿತು. "ವೈಪರ್ ಹಾಕಿದ್ದಕ್ಕೆ ಯಾರೂ ಫೇಲ್ ಮಾಡಲ್ಲ ಕಣ್ರೀ. ಅದನ್ನೇ ನೋಡ್ತಾ ಕೂತ್ರೆ ಗ್ಯಾರಂಟಿ ಫೇಲು."

ಗ್ಲೆನಿಸ್ ಉಸಿರು ಬಿಟ್ಟು ನಕ್ಕರು. "ಆ ಮಾತು ಹಿಂದಿನ ಸೀಟಿಗೂ ಸ್ವಲ್ಪ ಹೇಳಿ, ಥಾಕ್."

ನಾನು ತಿರುಗಿ ನೋಡಿದೆ. "ಅವತ್ತು ಊಟದ ಹೊತ್ತಲ್ಲಿ ನಾನಂದಿದ್ದು ತಪ್ಪು ಕಣೇ" ಎಂದೆ.

"ಎಷ್ಟು ಕಳೀಲಿ ಅಪ್ಪ?" ಎಂದಳು ದಿಯೆಪ್. ಆಮೇಲೆ, "ಮನೆಗೆ ಬಿಡು. ಹಸಿವಾಗ್ತಿದೆ. ರಸಾಯನಶಾಸ್ತ್ರ ಇನ್ನೂ ಐದು ಪಾಠ ಇದೆ."

ಮಂಗಳವಾರ ಅವಳನ್ನು ಶಾಲೆಯ ಗೇಟಿನವರೆಗೆ ನಾನೇ ಬಿಟ್ಟು ಬಂದೆ. ಇದನ್ನು ಬರೆಯುವ ಹೊತ್ತಿಗೆ ಅಂಕಗಳು ಬಂದಿಲ್ಲ, ಡಿಸೆಂಬರ್‌ಗೆ ಬರುತ್ತವೆ. ಗ್ಲೆನಿಸ್ ಅವರ ಟೆಸ್ಟ್ ಮಾತ್ರ ಮುಗಿದಿದೆ. ಅದರಲ್ಲೂ ಒಂದು ಸಲ ವೈಪರ್ ಓಡಿಸಿದರಂತೆ. ಪಾಸಾದರು.

ಮಕ್ಕಳೇ, ಬರೆದು ಕೊಟ್ಟ ಪೇಪರ್ ಈಗ ನಿಮ್ಮ ಕೈಯಲ್ಲಿಲ್ಲ. ಹೊರಗೆ ಬಂದ ಮೇಲೆ ಉತ್ತರ ತಾಳೆ ನೋಡಲು ಕೂರಬೇಡಿ. ಊಟ ಮಾಡಿ, ನಿದ್ದೆ ಮಾಡಿ, ಮುಂದಿನ ಪುಸ್ತಕ ತೆರೆಯಿರಿ. ಮನಸ್ಸಿನ ಭಾರ ಇಳಿಯದಿದ್ದರೆ ನಿಮ್ಮ ಟೀಚರ್ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ಅಪ್ಪ ಅಮ್ಮಂದಿರೇ, ಮಗು ತನ್ನ ತಪ್ಪು ಹೇಳಿಕೊಂಡಾಗ ನಿಮ್ಮ ಕಸುಬಿನ ಕಾನೂನು ತೆಗೆಯಬೇಡಿ. ಬಟ್ಟಲಿಗೆ ಬಿಸಿ ಗಂಜಿ ಹಾಕಿ, "ನೀನು ಚೆನ್ನಾಗಿ ಬರೆದಿದ್ದು ಯಾವುದು, ಅದನ್ನ ಹೇಳು" ಎಂದು ಕೇಳಿ.