ಬರಿ ನಡುವಿನ ಕುಸ್ತಿ

ನಾನೊಂದು ಬೆಳ್ಳಿಯ ಉಡಿದಾರ. ಜಮಖಂಡಿಯ ಪತ್ತಾರರ ಕುಲುಮೆಯಲ್ಲಿ ತಂಗೆವ್ವ ಎಂಬ ಮುದುಕಿಯ ಕಾಲುಗಡಗ ಕರಗಿ ನಾನಾದೆ. ಅವಳ ಮೊಮ್ಮಗ ಲಗಮನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ತೊಟ್ಟಿಲಲ್ಲೇ ನನ್ನನ್ನು ಅವನ ನಡುವಿಗೆ ಕಟ್ಟಿದಳು. ಉಡಿದಾರ ಕಡಿಯುವುದು ಸತ್ತವರದ್ದು ಮಾತ್ರ. ಬದುಕಿದವರದ್ದು ಬದಲಿಸಬೇಕೆಂದರೆ, ಹೊಸದು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಬರಿ ನಡುವನ್ನು ಜವರಾಯ ದೂರದಿಂದಲೇ ಗುರುತು ಹಿಡಿಯುತ್ತಾನಂತೆ.

ಲಗಮ ಬೆಳೆದ. ನಾನು ಅವನ ನಡುವಿನ ಮೇಲಿರುವಾಗಲೇ ಪತ್ತಾರ ನನಗೆ ಕೊಂಡಿ ಸೇರಿಸುತ್ತ ಹೋದ. ಗರಡಿಯ ಕೆಮ್ಮಣ್ಣು ನನ್ನ ಸಂದುಗಳಲ್ಲಿ ಕೂತಿತು. ಎದುರಾಳಿಗಳ ಕೈಯನ್ನು ನಾನು ಗೀರಿದ್ದೂ ಉಂಟು, ಸುಳ್ಳು ಹೇಳಲಾರೆ.

ಬೆಂಗಳೂರಿನಲ್ಲಿ ಹತ್ತು ದೇಶಗಳ ಕುಸ್ತಿ ಕೂಟ ನಡೆಯಿತು. ಮೈಮೇಲೆ ಲೋಹ ಇರಬಾರದು, ನೂಲಾದರೆ ಅಡ್ಡಿಯಿಲ್ಲ ಎಂದರು. ತಂಗೆವ್ವ ತಾನೇ ಕರಿ ನೂಲು ಹೊಸೆದು, ಜೋಪಾನವಾಗಿರಲೆಂದು ಎಲೆಯಡಿಕೆ ಸಂಚಿಯಲ್ಲಿಟ್ಟು ತಂದಳು.

ಕುಸ್ತಿಗೆ ಎರಡು ನಿಮಿಷವಿರುವಾಗ ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಇಮಾಮಸಾಬ ಏದುಸಿರು ಬಿಡುತ್ತ ಬಂದ.

"ಗೇಟಿನ್ಯಾಗ ಸಂಚೀನ ಕಸ್ಕೊಂಡಾರೋ! ತಂಬಾಕ ಐತಂತ ಕಸದ ಡಬ್ಬ್ಯಾಗ ಒಗದಾರ. ಹೊರಗ ಹೋದ್ರ ಮತ್ತ ಒಳಗ ಬಿಡಂಗಿಲ್ಲಂತ."

"ಬೂಟಿನ ಲೇಸರೆ ಕಟ್ಗೊಳ್ಳೇನ್ರಿ?" ಎಂದ ಲಗಮ.

"ಲೇಸ್ ಬಿಚ್ಚಿದ್ರ ಅದಕ್ಕೂ ಒಂದು ನಿಯಮ ಇರತೈತಪಾ!"

"ತೆಗೀರಿ ಬೇಗ," ಎಂದ ಅಧಿಕಾರಿ. "ಇಲ್ಲಾಂದ್ರೆ ಆ ಕಡೆಯವರು ಗೆದ್ದ ಹಾಗೆ."

ಲಗಮ ನಕ್ಕ. ನನ್ನ ಕೊಂಡಿ ಬಿಚ್ಚಿದ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನಾನು ಗಾಳಿಯಲ್ಲಿ ತೂಗಿದೆ.

ವಸ್ತಾದ ನನ್ನನ್ನು ಹೆಸರಿನ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕಟಕಟೆಯಾಚೆ ಕೂತಿದ್ದ ತಂಗೆವ್ವನಿಗೆ ಕೊಟ್ಟ. ಅವಳ ಮುಖ ಬಿಳುಚಿತು.

"ಹಿಂಗ ಚೀಲದಾಗ ಹಾಕಿ ಕೊಡೂದು ದವಾಖಾನ್ಯಾಗ ಸತ್ತವರ ಸಾಮಾನ, ಇಮಾಮಣ್ಣಾ."

ಅವಳು ಎದ್ದಳು. ಕಾವಲಿನವನು ಕೈ ಅಡ್ಡ ಹಿಡಿದ. "ಕೂತ್ಕೊಳ್ಳಿ ಅಜ್ಜಿ. ಆಟ ನಡೀವಾಗ ಯಾರೂ ಎದ್ದೇಳೋ ಹಾಗಿಲ್ಲ."

ಕೂತಳು. ಅತ್ತ ಸೀಟಿ ಊದಿದರು. ತಂಗೆವ್ವ ಚೀಲ ಹರಿದು, ಸೆರಗಿನ ಮರೆಯಲ್ಲಿ ನನ್ನನ್ನು ತನ್ನ ನಡುವಿಗೆ ಸುತ್ತಿ ಕೊಂಡಿ ಹಾಕಿದಳು. ಎದುರಿಗೆ ಜವರಾಯನೇ ನಿಂತಿದ್ದಾನೆ ಎಂಬಂತೆ ಪಿಸುಗುಟ್ಟಿದಳು: "ಇದು ಯಾರದಂತ ಹುಡುಕ್ಕೋತ ಬಂದಿ ಅಲಾ? ಇದು ನಂದು. ಅತ್ತಾಗ ನೋಡಬ್ಯಾಡ, ಇತ್ತ ಬಾ."

ಲಗಮ ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿದ. ಇಡೀ ಕ್ರೀಡಾಂಗಣ ಎದ್ದು ಕೂಗಿತು. ತಂಗೆವ್ವ ಏಳಲಿಲ್ಲ. ನನ್ನಡಿಯಲ್ಲಿ ಏರಿಳಿಯುತ್ತಿದ್ದ ಅವಳ ಹೊಟ್ಟೆ ಇಳಿದದ್ದು ಮತ್ತೆ ಏರಲಿಲ್ಲ. ಕೆಳಗಿನಿಂದ ಲಗಮ ಅವಳಿಗೆ ಕೈ ಬೀಸುತ್ತಲೇ ಇದ್ದ. ಪದಕ ಕೊಡುವವರೆಗೆ ಆಟಗಾರರು ಕಟಕಟೆ ದಾಟುವಂತಿರಲಿಲ್ಲ.

ಮಣ್ಣು ಮಾಡುವ ಮೊದಲು ನನ್ನನ್ನು ಅವಳ ನಡುವಿನಿಂದ ಕಡಿದರು. ಈಗ ಎರಡು ತುಂಡಾಗಿ, ಗಾಜಿನ ಕಪಾಟಿನಲ್ಲಿ, ಪದಕದ ಹಿಂದೆ ಬಿದ್ದಿದ್ದೇನೆ. ನಿಯಮ ಮಾಡಿದವರು ಕೆಟ್ಟವರಿರಲಿಕ್ಕಿಲ್ಲ. ನಾನು ಗೀರುವುದಂತೂ ನಿಜ. ಲಗಮ ಮತ್ತೆ ಉಡಿದಾರ ಕಟ್ಟಲಿಲ್ಲ. ಪ್ರತಿ ಕುಸ್ತಿಯಲ್ಲೂ ಗೆದ್ದು ಬರುತ್ತಾನೆ. ಬಂದವನೇ ಹೊಸ್ತಿಲಲ್ಲಿ ನಿಂತು ಮನೆಯವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗುತ್ತಾನೆ. ಎಲ್ಲರೂ ಓಗೊಟ್ಟ ಮೇಲೆಯೇ ಒಳಗೆ ಕಾಲಿಡುತ್ತಾನೆ.

ನಿನ್ನೆ ಅವನ ಹೆಂಡತಿ, "ಈ ಸಲ ನಾನೂ ನೋಡಾಕ ಬರ್ತೇನ್ರಿ," ಎಂದು ಟಿಕೆಟ್ ತೋರಿಸಿದಳು. ಲಗಮ ಅದನ್ನು ಕಸಿದು ಒಲೆಗೆ ಹಾಕಿದ.