ಅಬ್ಬಿಗೆರೆಗೆ ಬಂದ ಪಂಪಿನ ಚರಿತ್ರೆಕಾರ

ಥಾಕ್ಸ್‌ಬಿ ಪಂಪ್ ಕಂಪನಿಗೆ ೧೯೫೮ರಲ್ಲಿ ನೂರು ವರ್ಷ ತುಂಬಿತು. ಚರಿತ್ರೆ ಬರೆಸಲು ಹೊರಟ ಇಂಗ್ಲೆಂಡಿನ ದೊರೆಗಳು, ಮೈಸೂರು ಸೀಮೆಯಲ್ಲಿ ಇನ್ನೂ ಓಡುತ್ತಿರುವ ತಮ್ಮ ಅತಿ ಹಳೆಯ ಪಂಪನ್ನು ಹುಡುಕಿ ಎಂದು ಯಶವಂತಪುರದ ಆಫೀಸಿಗೆ ಕಾಗದ ಬರೆದರು. ಗುಮಾಸ್ತ ನರಸಿಂಹಯ್ಯ ಸೈಕಲ್ ತುಳಿದು ತುಳಿದು, ಕೊನೆಗೆ ಅಬ್ಬಿಗೆರೆಯಲ್ಲಿ ಮುನಿಕೃಷ್ಣಮ್ಮನ ದ್ರಾಕ್ಷಿ ತೋಟದಲ್ಲಿ ಅದನ್ನು ಕಂಡ. ೧೯೧೧ರ ಪಂಪು. ಅದರ ಹಿತ್ತಾಳೆ ಫಲಕವನ್ನು ಆಕೆ ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಇಡುತ್ತಿದ್ದಳು.

ಚರಿತ್ರೆ ಬರೆಯುವ ಫಿಂಚ್ ದೊರೆ ಹಡಗು ಹತ್ತಿ ಬಂದ. ಇಷ್ಟು ವರ್ಷದಲ್ಲಿ ಎಷ್ಟು ಸಲ ರಿಪೇರಿಯಾಗಿದೆ ಎಂದು ಕೇಳಿದ. ಪಂಪು ನೋಡಿಕೊಳ್ಳುತ್ತಿದ್ದ ಫಿಟ್ಟರ್ ಬ್ಯಾಟರಾಯಪ್ಪ ಕೈ ಒರೆಸಿಕೊಂಡು ಹೇಳಿದ:

"ಆ ಇತ್ತಾಳೆ ತಗಡೊಂದೇ ನಿಮ್ದು ಸ್ವಾಮಿ. ಮಿಕ್ಕಿದ್ದೆಲ್ಲ ನಾನು ಮಾಡಿ ಆಕಿದ್ದು."

ನಿಜವೇ. ನೀರೆತ್ತುವ ಚಕ್ರವನ್ನು ಆತ ಯಶವಂತಪುರದಲ್ಲಿ ಎರಕ ಹೊಯ್ಯಿಸಿದ್ದ. ಅದನ್ನು ತಿರುಗಿಸುವ ದಂಡ ಹಳೇ ಲಾರಿಯದು. ಆದರೆ ಪಕ್ಕದಲ್ಲೇ ಯಶವಂತಪುರದ ಆಫೀಸಿನ ಮ್ಯಾನೇಜರ್ ನಿಂತಿದ್ದರು. ಫಿಟ್ಟರಿಗೆ ಕಂಪನಿಯ ಮೇಲೆ ಬಹಳ ಅಭಿಮಾನವಂತೆ ಎಂದು ನರಸಿಂಹಯ್ಯ ಇಂಗ್ಲಿಷಿನಲ್ಲಿ ತಿಳಿಸಿದ. ದೊರೆ ಕಣ್ಣೊರೆಸಿಕೊಂಡ.

ಪುಸ್ತಕ ಅಚ್ಚಾಯಿತು. ನಲವತ್ತೇಳು ವರ್ಷ ಒಂದೂ ರಿಪೇರಿ ಕಾಣದ ಯಂತ್ರ ಎಂದು ಬರೆದು, ಬ್ಯಾಟರಾಯಪ್ಪನ ಚಿತ್ರದ ಕೆಳಗೆ 'ಬೆರಗಾಗಿ ನಿಂತ ಹಳ್ಳಿಗ' ಎಂದಿದ್ದರು. ಮುನಿಕೃಷ್ಣಮ್ಮನಿಗೆ ಹೊಸ ಪಂಪು ಕೊಟ್ಟು, ಹಳೆಯದನ್ನು ಪ್ರದರ್ಶನಕ್ಕೆಂದು ಇಂಗ್ಲೆಂಡಿಗೆ ಒಯ್ದರು.

ಅಲ್ಲಿ ಯಾರೋ ಅದನ್ನು ಬಿಚ್ಚಿದರು. ಮೂರು ತಿಂಗಳಿಗೆ ಕಾಗದ ಬಂತು: ಒಳಗಿನ ಚಕ್ರ ನಮ್ಮದಕ್ಕಿಂತ ಹೆಚ್ಚು ನೀರೆತ್ತುತ್ತದೆ, ನಮ್ಮ ಯಾವ ಎಂಜಿನಿಯರು ಇದನ್ನು ಮಾಡಿದ್ದು? ಮ್ಯಾನೇಜರ್ ಅದನ್ನು ಕಡತದ ತಳಕ್ಕೆ ಸೇರಿಸಿದರು. ತಾನು ತಿರುಚಿ ಹೇಳಿದ್ದು ನರಸಿಂಹಯ್ಯನನ್ನು ಅಷ್ಟು ದಿನದಿಂದ ಕೊರೆಯುತ್ತಿತ್ತು. ಬ್ಯಾಟರಾಯಪ್ಪ ಎಂದು ಸ್ಪಷ್ಟ ಅಕ್ಷರದಲ್ಲಿ ಬರೆದು, ಯಾರನ್ನೂ ಕೇಳದೆ ಟಪಾಲಿಗೆ ಹಾಕಿದ.

ಮಾರುತ್ತರ ಬಂತು. ಬ್ಯಾಟರಾಯಪ್ಪನವರಿಗೆ ಇಂಗ್ಲೆಂಡಿನಲ್ಲಿ ಆರು ತಿಂಗಳು ಪಂಪಿನ ತರಬೇತಿ ಕೊಡಲು ಕಂಪನಿ ಉದಾರವಾಗಿ ಒಪ್ಪಿತ್ತು.

ನರಸಿಂಹಯ್ಯ ಅದನ್ನು ಓದಿ ಹೇಳುವಾಗ ಬ್ಯಾಟರಾಯಪ್ಪ, ನೀರು ಸರಿಯಾಗಿ ಎತ್ತದ ಹೊಸ ಪಂಪನ್ನು ಬಿಚ್ಚಿ ಗೋಣಿತಾಟಿನ ಮೇಲೆ ಹರಡಿಕೊಂಡಿದ್ದ.

"ದ್ರಾಕ್ಷಿ ಕುಯ್ಯೋ ಕಾಲ, ನಾನೆಲ್ಲಿ ಓಗಲಿ? ಬೇಕಾದ್ರೆ ಅವರೇ ಬರಲಿ ಬಿಡಿ," ಎಂದ.

ಮರುವರ್ಷ ಇಂಗ್ಲೆಂಡಿನಿಂದ ಕಂಪನಿಯ ಇಬ್ಬರು ಎಂಜಿನಿಯರುಗಳು ಬಂದರು. ಹದಿನೈದು ದಿನ ಬಾವಿಕಟ್ಟೆಯ ಮೇಲೆ ಕೂತು, ಮುನಿಕೃಷ್ಣಮ್ಮ ಕೊಟ್ಟ ಮುದ್ದೆ ನುಂಗಿ, ಬ್ಯಾಟರಾಯಪ್ಪ ಹೇಳಿಕೊಟ್ಟಿದ್ದನ್ನೆಲ್ಲ ಬರೆದುಕೊಂಡರು. ಕಂಪನಿಯ ಕಡತದಲ್ಲಿ ಅದಕ್ಕೆ ತಪಾಸಣೆ ಎಂದು ಹೆಸರಾಯಿತು.